ಉದುರು ಕೂದಲು ಮತ್ತೆ ಮತ್ತೆ ಸಿಕ್ಕಾಗುವುದೇಕೆ? ಕೂದಲಿನ ರಚನೆ ಮತ್ತು ರಸಾಯನದ ಬಗ್ಗೆ ಚರ್ಚೆ

ತುಂಗಭದ್ರಾ ತೀರ:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವನು. ನಮ್ಮೂರಿಗೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ ಕೂದಲಿನ ಉದ್ಯೋಗ ಬಹುಕಾಲದಿಂದ ನಡೆದು ಬಂದಿರುವುದು ಇಲ್ಲಿ ಹಲವರಿಗೆ ತಿಳಿದಿರಬಹುದು. ಹೆಂಗಸರು ತಲೆ ಬಾಚಿಕೊಂಡಾಗ ಹಣಿಗೆಯಲ್ಲಿ ಉಳಿಯುವ ಕೂದಲನ್ನು ವ್ಯಾಪಾರಿಗಳು ಊರೂರು ತಿರುಗಿ, ಪಿನ್ನು ಪಾತ್ರೆಗಳನ್ನು ಕೊಟ್ಟು ಕೊಂಡು ತರುತ್ತಾರೆ. ಆ ಉಂಡೆಗಳನ್ನು ಮನೆಮನೆಗಳಲ್ಲಿ ಕೂತು ಬಿಡಿಸಿ, ತೊಳೆದು, ಉಕ್ಕಿನ ಮೊಳೆ ನೆಟ್ಟ ಹಲಗೆಯ ಮೇಲೆ ಎಳೆದು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟುತ್ತಾರೆ. ಬಿಡಿಸುವ ಕೆಲಸ ಬಹುತೇಕ ಹೆಂಗಸರದೇ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಇಷ್ಟು. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲನ್ನು ಎಷ್ಟು ಸಲ ತೊಳೆದರೂ ಬಾಚಿದರೆ ಸರಾಗವಾಗಿ ಇಳಿಯುತ್ತದೆ. ಹಣಿಗೆಯಿಂದ ಬಂದ ಉದುರು ಕೂದಲನ್ನಾದರೆ ಒಂದೊಂದೇ ಎಳೆಯಾಗಿ ಬಿಡಿಸಿ, ನೀಟಾಗಿ ಜೋಡಿಸಿ ಕಟ್ಟಿದರೂ ಒಂದು ಸಲ ನೀರಿಗೆ ಹಾಕಿದೊಡನೆ ಪುನಃ ಗಂಟಾಗುತ್ತದೆ. ಎರಡೂ ಮನುಷ್ಯರ ಕೂದಲೇ ಆಗಿರುವಾಗ ಈ ವ್ಯತ್ಯಾಸ ಏಕೆ? ವ್ಯಾಪಾರಿಗಳು ಮುಡಿ ಕೂದಲಿಗೆ ರೆಮಿ, ಉದುರು ಕೂದಲಿಗೆ ನಾನ್ ರೆಮಿ ಎನ್ನುತ್ತಾರೆ, ಬೆಲೆಯಲ್ಲಿ ದೊಡ್ಡ ಅಂತರವಿದೆ. ನಾನ್ ರೆಮಿಯನ್ನು ಆಸಿಡ್‌ನಲ್ಲಿ ಅದ್ದಿದರೆ ಸಿಕ್ಕು ನಿಲ್ಲುತ್ತದೆ ಎಂದೂ ಹೇಳುತ್ತಾರೆ. ಆಸಿಡ್ ಕೂದಲಿನಿಂದ ಏನನ್ನು ತೆಗೆಯುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕಾಗಿ ವಿನಂತಿ.

ನಿವೃತ್ತ ರಸಾಯನ ಮೇಷ್ಟ್ರು:

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೂದಲಿನ ಹೊರಮೈಯಲ್ಲಿದೆ.

ಕೂದಲಿನ ಒಂದು ಎಳೆ ಸಾಮಾನ್ಯವಾಗಿ 50ರಿಂದ 100 ಮೈಕ್ರೋಮೀಟರ್ ದಪ್ಪವಿರುತ್ತದೆ. ಅದರ ಹೊರಗಡೆ ಕ್ಯೂಟಿಕಲ್ ಎಂಬ ಹೊರಪೊರೆ, ಅದರೊಳಗೆ ಕಾರ್ಟೆಕ್ಸ್ ಎಂಬ ಮುಖ್ಯ ತಿರುಳು, ಕೆಲವು ಎಳೆಗಳಲ್ಲಿ ನಟ್ಟನಡುವೆ ಮೆಡುಲ್ಲಾ ಎಂಬ ಸಡಿಲವಾದ, ಗಾಳಿ ತುಂಬಿದ ಭಾಗ ಇರುತ್ತವೆ. ತೆಳ್ಳಗಿನ ಕೂದಲಿನಲ್ಲಿ ಮೆಡುಲ್ಲಾ ಇಲ್ಲದೆಯೂ ಇರಬಹುದು, ನಮ್ಮ ಪ್ರಶ್ನೆಗೆ ಅದು ಅಷ್ಟು ಮುಖ್ಯವಲ್ಲ.

ಕ್ಯೂಟಿಕಲ್ ಒಂದೇ ಹಾಳೆಯಂತಹ ಪೊರೆಯಲ್ಲ. ಅರ್ಧ ಮೈಕ್ರೋಮೀಟರಿನಷ್ಟು ತೆಳುವಾದ ಚಪ್ಪಟೆ ಜೀವಕೋಶಗಳು, ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು ಅರ್ಧರ್ಧ ಮುಚ್ಚಿಕೊಂಡು, ಐದರಿಂದ ಹತ್ತು ಪದರಗಳಾಗಿ ಎಳೆಯನ್ನು ಸುತ್ತಿಕೊಂಡಿರುತ್ತವೆ. ಈ ಚಪ್ಪಟೆ ಕೋಶಗಳನ್ನೇ ಹುರುಪೆ ಎನ್ನೋಣ; ಎಲ್ಲ ಹುರುಪೆಗಳ ಬಿಟ್ಟ ಅಂಚೂ ಒಂದೇ ದಿಕ್ಕಿಗೆ, ಅಂದರೆ ಬುಡದಿಂದ ತುದಿಯ ಕಡೆಗೆ ಇರುತ್ತದೆ. ತಲೆಯ ಮೇಲಿರುವಾಗ ಧೂಳು, ಹೊಟ್ಟು, ಕಸ ಹೊರಗೆ ಜಾರಿಹೋಗಲು ಈ ಜೋಡಣೆ ಅನುಕೂಲ.

ನೀವೇ ಪರೀಕ್ಷಿಸಿ ನೋಡಬಹುದು. ಉದ್ದನೆಯ ಒಂದು ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸಡಿಲವಾಗಿ ಹಿಡಿದು, ಎಳೆಯ ಉದ್ದಕ್ಕೆ ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಉಜ್ಜಿರಿ. ಕೂದಲು ಇದ್ದಲ್ಲೇ ಇರದೆ ಒಂದೇ ದಿಕ್ಕಿಗೆ ತೆವಳತೊಡಗುತ್ತದೆ, ಮತ್ತು ಯಾವಾಗಲೂ ಬುಡ ಮುಂದಾಗಿಯೇ ತೆವಳುತ್ತದೆ. ಬೆರಳು ಬುಡದಿಂದ ತುದಿಗೆ ಹೋಗುವಾಗ ಹುರುಪೆಗಳ ಮೇಲೆ ಜಾರುತ್ತದೆ. ತುದಿಯಿಂದ ಬುಡಕ್ಕೆ ಬರುವಾಗ ಹುರುಪೆಗಳ ಅಂಚಿಗೆ ಸಿಕ್ಕಿ ಎಳೆಯನ್ನು ತನ್ನೊಡನೆ ತಳ್ಳಿಕೊಂಡು ಬರುತ್ತದೆ.

ಈಗ ನಿಮ್ಮ ಎರಡು ಕಟ್ಟುಗಳನ್ನು ನೆನೆಯಿರಿ. ಮುಡಿ ಕೊಟ್ಟ ಕೂದಲನ್ನು ಜಡೆಯಾಗಿ ಅಥವಾ ಹಿಡಿಯಾಗಿ ಕಟ್ಟಿ ತೆಗೆದಿರುವುದರಿಂದ ಬುಡಗಳೆಲ್ಲ ಒಂದು ಕಡೆ, ತುದಿಗಳೆಲ್ಲ ಇನ್ನೊಂದು ಕಡೆ ಇರುತ್ತವೆ, ಒಂದು ಎಳೆ ಇನ್ನೊಂದರ ಮೇಲೆ ಜಾರಿಹೋಗುತ್ತದೆ. ಹಣಿಗೆಯ ಉಂಡೆಯಲ್ಲಿ ದಿಕ್ಕು ಕಲಸಿಹೋಗಿರುತ್ತದೆ. ಎಷ್ಟೇ ನೀಟಾಗಿ ಬಿಡಿಸಿದರೂ ಕಟ್ಟಿನಲ್ಲಿ ಕೆಲವು ಎಳೆಗಳ ಬುಡ ಮೇಲಕ್ಕೆ, ಕೆಲವುಗಳ ಬುಡ ಕೆಳಕ್ಕೆ. ನೀರಿನಲ್ಲಿ ಅಲುಗಾಡಿದಾಗ ಪ್ರತಿಯೊಂದು ಎಳೆಯೂ ತನ್ನ ಬುಡದ ದಿಕ್ಕಿಗೆ ತೆವಳುತ್ತದೆ. ಎದುರು ದಿಕ್ಕಿನವು ಹುರುಪೆಗೆ ಹುರುಪೆ ಕೊಟ್ಟು ಕಚ್ಚಿಕೊಂಡು, ಬಿಗಿಯುತ್ತ ಬಿಗಿಯುತ್ತ ಗಂಟಾಗುತ್ತವೆ.

ಜವಳಿ ತಂತ್ರಜ್ಞೆ, ದಾವಣಗೆರೆ:

ಮೇಷ್ಟ್ರು ಹೇಳಿದ ಈ ಗುಣವೇ ಉಣ್ಣೆಯ ಬಟ್ಟೆ ಒಗೆದಾಗ ಕುಗ್ಗಿ ಗಡುಸಾಗುವುದಕ್ಕೂ ಕಾರಣ. ಕುರಿಯ ಉಣ್ಣೆಯೂ ಮನುಷ್ಯನ ಕೂದಲೂ ಒಂದೇ ಕುಟುಂಬದ ಪ್ರೋಟೀನ್‌ನಿಂದ ಆದವು. ಉಣ್ಣೆ ಕುಗ್ಗದಂತೆ ಮಾಡಲು ಜವಳಿ ಗಿರಣಿಗಳಲ್ಲಿ ಕ್ಲೋರಿನ್ ಸಂಸ್ಕರಣೆ ನಡೆಸಿ ಹುರುಪೆಗಳ ಅಂಚನ್ನು ತಿನ್ನಿಸಿಬಿಡುತ್ತಾರೆ. ನಾನ್ ರೆಮಿ ಕೂದಲಿಗೆ ಮಾಡುವುದೂ ಮೂಲತಃ ಇದನ್ನೇ. ಆಡುಮಾತಿನಲ್ಲಿ ಆಸಿಡ್ ಎಂದರೂ, ಹುರುಪೆಯನ್ನು ಹಾಳುಗೆಡವುವುದು ಬರಿಯ ಆಮ್ಲವಲ್ಲ, ಆಮ್ಲೀಯ ದ್ರಾವಣದಲ್ಲಿರುವ ಕ್ಲೋರಿನ್. ಹುರುಪೆಗಳು ಹೋದ ಮೇಲೆ ದಿಕ್ಕು ಎಂಬುದೇ ಇರುವುದಿಲ್ಲವಾದ್ದರಿಂದ ಸಿಕ್ಕೂ ಕಡಿಮೆಯಾಗುತ್ತದೆ.

ಆದರೆ ಅದರೊಡನೆ ಇನ್ನೊಂದು ಅಮೂಲ್ಯ ವಸ್ತುವೂ ಹೋಗುತ್ತದೆ. ಆರೋಗ್ಯವಂತ ಕೂದಲಿನ ಹೊರಮೈಗೆ 18-ಮಿಥೈಲ್ ಐಕೊಸನೋಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ಒಂದು ಅತಿ ತೆಳುವಾದ ಪದರ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ. ಇದು ಹಚ್ಚಿದ ಎಣ್ಣೆಯಂತೆ ಶಾಂಪೂವಿನಲ್ಲಿ ತೊಳೆದುಹೋಗುವಂಥದ್ದಲ್ಲ. ಗಂಧಕದ ಮೂಲಕ ಪ್ರೋಟೀನ್‌ಗೆ ಕಟ್ಟಿಕೊಂಡಿರುತ್ತದೆ. ಕೂದಲಿನ ಮೇಲೆ ನೀರು ನಿಲ್ಲದೆ ಜಾರುವುದು, ಮುಟ್ಟಿದರೆ ನುಣುಪಾಗಿರುವುದು ಇದರಿಂದಲೇ. ಕ್ಲೋರಿನ್, ಬ್ಲೀಚ್ ಅಥವಾ ಬಲವಾದ ಕ್ಷಾರ ತಗುಲಿದರೆ ಈ ಬೆಸುಗೆ ಕಡಿಯುತ್ತದೆ, ಮತ್ತೆ ಹುಟ್ಟುವುದಿಲ್ಲ. ಅದಕ್ಕಾಗಿಯೇ ಸಂಸ್ಕರಿಸಿದ ನಾನ್ ರೆಮಿ ಕೂದಲಿಗೆ ಸಿಲಿಕೋನ್ ಲೇಪಿಸುತ್ತಾರೆ. ಅಂಗಡಿಯಲ್ಲಿ ಅದು ರೆಮಿಗಿಂತಲೂ ಹೆಚ್ಚು ಹೊಳೆಯುತ್ತದೆ. ಕೆಲವು ಸಲ ತೊಳೆದ ಮೇಲೆ ಲೇಪ ಹೋಗಿ, ಒಣಗಿದ ನಾರಿನಂತೆ ಒರಟಾಗುತ್ತದೆ. ಕೊಳ್ಳುವವರು ಹೊಳಪನ್ನಷ್ಟೇ ನೋಡಿ ಮೋಸ ಹೋಗುವುದು ಇಲ್ಲಿಯೇ.

ಸಂಪಿಗೆ:

ನಮಸ್ಕಾರ. ನನ್ನದು ಗುಂಗುರು ಕೂದಲು. ಒಂದು ಪಾರ್ಲರ್‌ನಲ್ಲಿ ರೀಬಾಂಡಿಂಗ್ ಮಾಡಿಸಿಕೊಂಡೆ. ನೆಟ್ಟಗಾದ ಕೂದಲು ನೆಟ್ಟಗೇ ಉಳಿದಿದೆ, ಆದರೆ ಈಗ ಎಳೆದರೆ ನಡುವೆಯೇ ತುಂಡಾಗುತ್ತಿದೆ. ಬುಡದಲ್ಲಿ ಹೊಸದಾಗಿ ಬರುವುದು ಮೊದಲಿನಂತೆ ಗುಂಗುರಾಗಿಯೇ ಬರುತ್ತಿದೆ. ಹೊರಪೊರೆ ಹೋದರೂ ಕೂದಲು ಉಳಿಯುತ್ತದೆ ಎಂದಮೇಲೆ ಅದರ ಬಲ ಇರುವುದು ಎಲ್ಲಿ? ರೀಬಾಂಡಿಂಗ್ ಅದಕ್ಕೆ ಏನು ಮಾಡಿತು?

ನಿವೃತ್ತ ರಸಾಯನ ಮೇಷ್ಟ್ರು:

ಬಲವಿರುವುದು ಕಾರ್ಟೆಕ್ಸ್‌ನಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಪಾರ್ಲರ್‌ಗಳಲ್ಲಿ ನಡೆಯುವ ಹೆಚ್ಚಿನ ಚಿಕಿತ್ಸೆಗಳೆಲ್ಲ ಈ ಒಂದು ವಿಷಯದ ಸುತ್ತಲೇ ಇವೆ.

ಕಾರ್ಟೆಕ್ಸ್‌ನ ಜೀವಕೋಶಗಳು ಕದಿರಿನ ಆಕಾರದವು, ಕೂದಲಿನ ಉದ್ದಕ್ಕೆ ಮಲಗಿರುತ್ತವೆ. ಅವುಗಳ ತುಂಬ ಕೆರಾಟಿನ್ ಎಂಬ ಪ್ರೋಟೀನ್‌ನ ತಂತುಗಳು. ಕೆರಾಟಿನ್‌ನ ಸರಪಳಿ ನೆಟ್ಟಗಿರದೆ ಸುರುಳಿಯಾಗಿರುತ್ತದೆ. ಎರಡು ಸುರುಳಿಗಳು ಒಂದರ ಸುತ್ತ ಒಂದು ಹೆಣೆದುಕೊಳ್ಳುತ್ತವೆ. ಅಂಥವು ಹಲವು ಸೇರಿ ಏಳೆಂಟು ನ್ಯಾನೋಮೀಟರ್ ದಪ್ಪದ ತಂತುವಾಗುತ್ತವೆ. ತಂತುಗಳ ಸುತ್ತ ಗಂಧಕ ಹೆಚ್ಚಾಗಿರುವ ಬೇರೆ ಪ್ರೋಟೀನ್‌ಗಳು ತುಂಬಿಕೊಂಡು ಎಲ್ಲವನ್ನೂ ಹಿಡಿದಿಡುತ್ತವೆ. ಇದು ತಿಳಿದುಬಂದದ್ದು ಕೂದಲು ಮತ್ತು ಉಣ್ಣೆಯ ಅಧ್ಯಯನದಿಂದಲೇ. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ ಅವರು ಉಣ್ಣೆ, ಕೂದಲುಗಳ ಮೂಲಕ ಎಕ್ಸ್ ಕಿರಣ ಹಾಯಿಸಿ ಚಿತ್ರ ತೆಗೆದಾಗ, ಸಾಮಾನ್ಯ ಕೂದಲಿನ ಚಿತ್ರವೇ ಬೇರೆ, ಒದ್ದೆ ಮಾಡಿ ಎಳೆದು ಹಿಗ್ಗಿಸಿದ ಕೂದಲಿನ ಚಿತ್ರವೇ ಬೇರೆ ಎಂಬುದನ್ನು ಕಂಡರು. ಒಳಗೆ ಮಡಚಿಕೊಂಡ ಏನೋ ಒಂದು ಬಿಚ್ಚಿಕೊಳ್ಳುತ್ತಿದೆ ಎಂದು ಅವರು ಊಹಿಸಿದರು. ಆ ಮಡಿಕೆಯ ನಿಜವಾದ ರೂಪವಾದ ಆಲ್ಫಾ ಸುರುಳಿಯನ್ನು 1951ರಲ್ಲಿ ಲೈನಸ್ ಪೌಲಿಂಗ್, ರಾಬರ್ಟ್ ಕೋರಿ ಮತ್ತು ಹರ್ಮನ್ ಬ್ರಾನ್ಸನ್ ಪ್ರಕಟಿಸಿದರು.

ಈ ಸುರುಳಿಗಳನ್ನೂ ತಂತುಗಳನ್ನೂ ಹಿಡಿದಿಡುವ ಬಂಧಗಳಲ್ಲಿ ನಮಗೆ ಬೇಕಾದವು ಮೂರು. ಹೈಡ್ರೋಜನ್ ಬಂಧಗಳು ಸಂಖ್ಯೆಯಲ್ಲಿ ಬಹಳ, ಬಲದಲ್ಲಿ ಕಡಿಮೆ. ನೀರು ತಾಗಿದರೆ ಸಾಕು, ಸಡಿಲಗೊಳ್ಳುತ್ತವೆ. ರಾತ್ರಿ ಒದ್ದೆ ಕೂದಲಿಗೆ ಜಡೆ ಹಾಕಿ ಮಲಗಿದರೆ ಬೆಳಗ್ಗೆ ಅಲೆಅಲೆಯಾಗಿರುವುದು, ಮತ್ತೆ ತಲೆಗೆ ನೀರು ಹಾಕಿಕೊಂಡರೆ ಅದು ಮಾಯವಾಗುವುದು ಈ ಬಂಧಗಳು ಬಿಚ್ಚಿ ಹೊಸ ಜಾಗದಲ್ಲಿ ಕೂಡಿಕೊಳ್ಳುವುದರಿಂದ. ಕೂದಲು ಗಾಳಿಯ ತೇವಕ್ಕೂ ಸ್ಪಂದಿಸುತ್ತದೆ. 1783ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಮನುಷ್ಯನ ಕೂದಲಿನ ಉದ್ದ ತೇವಕ್ಕೆ ತಕ್ಕಂತೆ ಬದಲಾಗುವುದನ್ನೇ ಬಳಸಿಕೊಂಡು ಆರ್ದ್ರತೆ ಅಳೆಯುವ ಉಪಕರಣವನ್ನು ವಿವರಿಸಿದರು. ಎರಡನೆಯದು ಧನ, ಋಣ ವಿದ್ಯುದಂಶಗಳ ನಡುವಿನ ಲವಣ ಬಂಧ; ಇದು ಆಮ್ಲ, ಕ್ಷಾರಗಳ ಏರುಪೇರಿಗೆ ಸಡಿಲವಾಗುತ್ತದೆ. ಮೂರನೆಯದು ಡೈಸಲ್ಫೈಡ್ ಬಂಧ. ಕೂದಲಿನ ತೂಕದಲ್ಲಿ ಗಂಧಕದ ಪಾಲು ಸುಮಾರು 5 ಪ್ರತಿಶತ, ಕೂದಲು ಸುಟ್ಟಾಗ ಬರುವ ಆ ಕಮಟು ವಾಸನೆಗೆ ಮುಖ್ಯ ಕಾರಣ ಅದೇ. ಸಿಸ್ಟೀನ್ ಎಂಬ ಅಮೈನೋ ಆಮ್ಲದ ಎರಡು ಅಣುಗಳ ಗಂಧಕಗಳು ಒಂದಕ್ಕೊಂದು ಕೈಹಿಡಿದಾಗ ಆಗುವ ಈ ಬಂಧ ನೀರಿಗೂ ಸಾಧಾರಣ ಬಿಸಿಗೂ ಜಗ್ಗುವುದಿಲ್ಲ. ಕೂದಲಿನ ಶಾಶ್ವತ ಆಕಾರ ಇರುವುದು ಇದರಲ್ಲಿ.

ಸಂಪಿಗೆಯವರೇ, ರೀಬಾಂಡಿಂಗ್‌ನಲ್ಲಿ ಮೊದಲು ಹಚ್ಚುವ ಕ್ರೀಮಿನಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೋಲೇಟ್ ಇರುತ್ತದೆ. ಕ್ಷಾರೀಯವಾದ ಅದು ಹುರುಪೆಗಳನ್ನು ಉಬ್ಬಿಸಿ ಒಳಹೊಕ್ಕು, ಡೈಸಲ್ಫೈಡ್ ಬಂಧಗಳಲ್ಲಿ ಒಂದು ಭಾಗವನ್ನು ಕಡಿಯುತ್ತದೆ. ಆಗ ಕೂದಲನ್ನು ತೊಳೆದು, ಒಣಗಿಸಿ, ಬಿಸಿ ಇಸ್ತ್ರಿಯಿಂದ ನೆಟ್ಟಗೆ ಎಳೆದು, ಬಳಿಕ ಹೈಡ್ರೋಜನ್ ಪೆರಾಕ್ಸೈಡ್ ಇರುವ ಎರಡನೆಯ ಕ್ರೀಮ್ ಹಚ್ಚಿ, ಕಡಿದ ಗಂಧಕಗಳನ್ನು ಹೊಸ ಜಾಗದಲ್ಲಿ ಮತ್ತೆ ಕೂಡಿಸುತ್ತಾರೆ. ತೊಂದರೆ ಏನೆಂದರೆ ಕಡಿದ ಬಂಧಗಳೆಲ್ಲವೂ ಮತ್ತೆ ಕೂಡುವುದಿಲ್ಲ. ಕೆಲವು ಸಿಸ್ಟೀಕ್ ಆಮ್ಲವಾಗಿ ಶಾಶ್ವತವಾಗಿ ಕಳೆದುಹೋಗುತ್ತವೆ. ಎರಡನೆಯ ಸಲ, ಮೂರನೆಯ ಸಲ ಅದೇ ಉದ್ದದ ಮೇಲೆ ಮಾಡಿದರೆ ನಷ್ಟ ಕೂಡುತ್ತ ಹೋಗಿ ಎಳೆ ನಡುವೆಯೇ ತುಂಡಾಗುತ್ತದೆ. ಹೊಸ ಕೂದಲು ಗುಂಗುರಾಗಿಯೇ ಬರಲು ಕಾರಣ, ಗುಂಗುರು ಎಂಬುದು ಚರ್ಮದೊಳಗಿನ ರೋಮಕೂಪದ ಆಕಾರದಲ್ಲಿ ತೀರ್ಮಾನವಾಗುವುದು. ಕ್ರೀಮ್ ಹಚ್ಚಿದ್ದು ಹೊರಗಿನ ಎಳೆಗೆ ಮಾತ್ರ. ಡೈಸಲ್ಫೈಡ್ ಬಂಧಗಳು ಕೂಡಿ ಎಳೆ ಗಟ್ಟಿಯಾಗುವ ಕೆಲಸ ರೋಮಕೂಪದ ಒಳಗೇ ಮುಗಿದು, ಅಲ್ಲಿಯೇ ಜೀವಕೋಶಗಳು ಸತ್ತಿರುತ್ತವೆ. ಹೊರಗೆ ಬಂದ ಎಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು.

ಚರ್ಮವೈದ್ಯೆ:

ಮೇಷ್ಟ್ರ ವಿವರಣೆಗೆ ಎರಡು ಎಚ್ಚರಿಕೆಗಳನ್ನು ಸೇರಿಸಲೇಬೇಕು. ಮೊದಲನೆಯದು, ಒದ್ದೆ ಕೂದಲಿನ ಮೇಲೆ ಬಿಸಿ ಇಸ್ತ್ರಿ ಎಳೆಯಬೇಡಿ. ಒಳಗಿನ ನೀರು ಒಮ್ಮೆಗೇ ಆವಿಯಾಗಿ ಎಳೆಯೊಳಗೆ ಗುಳ್ಳೆಗಳಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಸಾಲುಸಾಲಾಗಿ ಕಾಣುತ್ತವೆ, ಗುಳ್ಳೆ ಇದ್ದಲ್ಲೇ ಕೂದಲು ಮುರಿಯುತ್ತದೆ.

ಎರಡನೆಯದು ಇದಕ್ಕಿಂತ ಗಂಭೀರ. ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಹೆಸರಿನಲ್ಲಿ ಮಾಡುವ ಹಲವು ನೆಟ್ಟಗಾಗಿಸುವ ಚಿಕಿತ್ಸೆಗಳಲ್ಲಿ ಕೆಲಸ ಮಾಡುವುದು ಹೊರಗಿನಿಂದ ಹಾಕಿದ ಕೆರಾಟಿನ್ ಅಲ್ಲ, ಫಾರ್ಮಾಲ್ಡಿಹೈಡ್ ಅಥವಾ ಬಿಸಿಗೆ ಅದನ್ನು ಬಿಡುಗಡೆ ಮಾಡುವ ವಸ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿದೆ. ಹೆಚ್ಚು ಅಪಾಯ ದಿನವಿಡೀ ಆ ಹೊಗೆಯಲ್ಲಿ ನಿಲ್ಲುವ ಪಾರ್ಲರ್ ಕೆಲಸಗಾರರಿಗೆ. ಫಾರ್ಮಾಲ್ಡಿಹೈಡ್ ಇಲ್ಲ ಎಂದು ಮಾರುವ ಕೆಲವು ಕ್ರೀಮುಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲವಿರುತ್ತದೆ. ಅಂಥ ಕ್ರೀಮ್ ಬಳಸಿ ಕೂದಲು ನೆಟ್ಟಗೆ ಮಾಡಿಸಿಕೊಂಡ ಪ್ರತಿ ಸಲವೂ ಒಬ್ಬ ಯುವತಿಯ ಮೂತ್ರಪಿಂಡಕ್ಕೆ ತೀವ್ರ ಹಾನಿಯಾದದ್ದು 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಡಬ್ಬಿಯ ಹಿಂದಿನ ಪಟ್ಟಿಯನ್ನು ಓದದೆ ತಲೆ ಒಡ್ಡಬೇಡಿ.

ಯಲಹಂಕ ನಿವಾಸಿ:

ರಾಸಾಯನಿಕ ಮುಟ್ಟದವರ ಕೂದಲೂ ಬೆಂಗಳೂರಿಗೆ ಬಂದ ಮೇಲೆ ಉದುರುತ್ತದಲ್ಲ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು; ಎಲ್ಲರೂ ಅದನ್ನೇ ದೂರುತ್ತಾರೆ. ಊರಿನಲ್ಲಿ ಎಣ್ಣೆ ಹಚ್ಚಿ ಸೀಗೆಕಾಯಿ ಹಾಕಿ ಎರೆದುಕೊಳ್ಳುತ್ತಿದ್ದಾಗ ಹೀಗೆ ಆಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಚರ್ಮವೈದ್ಯೆ:

ಉದುರುವುದು ಬೇರೆ, ಮುರಿಯುವುದು ಬೇರೆ. ಬಿದ್ದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಗುಂಡುಸೂಜಿಯ ತಲೆಗಿಂತಲೂ ಚಿಕ್ಕದಾದ ಬಿಳಿಯ ಗಡ್ಡೆ ಇದ್ದರೆ ಅದು ಬುಡದಿಂದ ಉದುರಿದ್ದು. ಕೂದಲು ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಾಂತಿ ಪಡೆದು, ಬಿದ್ದುಹೋಗುತ್ತದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುವುದರಿಂದ ದಿನಕ್ಕೆ 50ರಿಂದ 100 ಉದುರುವುದು ಸಹಜ. ಜ್ವರ, ಹೆರಿಗೆ, ರಕ್ತಹೀನತೆ, ಥೈರಾಯ್ಡ್, ಊಟದಲ್ಲಿ ಕೊರತೆ ಇವುಗಳಿಂದ ಅದು ಹೆಚ್ಚುತ್ತದೆ. ಜ್ವರ ಬಂದು ಎರಡು ಮೂರು ತಿಂಗಳ ನಂತರ ಉದುರುವುದರಿಂದ ಜನ ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ. ಗಡ್ಡೆ ಇಲ್ಲದಿದ್ದರೆ ಅದು ನಡುವೆ ಮುರಿದದ್ದು, ಆಗ ನೀರು, ಸೋಪು, ಇಸ್ತ್ರಿಗಳನ್ನು ಅನುಮಾನಿಸಬಹುದು.

ಜವಳಿ ತಂತ್ರಜ್ಞೆ, ದಾವಣಗೆರೆ:

ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ, ಕರಗದ ಜಿಗುಟಾಗಿ ಕೂದಲಿನ ಮೇಲೆ ಕೂರುತ್ತವೆ. ಜೊತೆಗೆ ಕೂದಲಿನ ಹೊರಮೈಯಲ್ಲಿ ಋಣ ವಿದ್ಯುದಂಶವಿರುವ ಜಾಗಗಳಿಗೆ ಕ್ಯಾಲ್ಸಿಯಂ ನೇರವಾಗಿಯೂ ಅಂಟುತ್ತದೆ. ಬ್ಲೀಚ್ ಮಾಡಿದ ಕೂದಲಿನಲ್ಲಿ ಇಂಥ ಜಾಗಗಳು ಹೆಚ್ಚು. ಕೂದಲು ಒರಟಾಗುತ್ತದೆ, ಬಾಚುವಾಗ ಜಗ್ಗಬೇಕಾಗುತ್ತದೆ, ಜಗ್ಗಿದಾಗ ಮುರಿಯುತ್ತದೆ. ರೋಮಕೂಪದೊಳಗೆ ಇಳಿದು ಬೋಳು ಮಾಡುವ ಶಕ್ತಿ ಅದಕ್ಕಿಲ್ಲ.

ಸೀಗೆಕಾಯಿಯ ಬಗ್ಗೆ ನಿಮ್ಮ ನಂಬಿಕೆಗೆ ಆಧಾರವಿದೆ. ಅದರ ನೊರೆ ಸಪೋನಿನ್ ಎಂಬ ವಸ್ತುಗಳಿಂದ ಬರುವುದರಿಂದ ಗಡಸು ನೀರಿನಲ್ಲಿಯೂ ಸೋಪಿನಂತೆ ಜಿಗುಟು ಕಟ್ಟುವುದಿಲ್ಲ; ಅದರ ಕಷಾಯ ಸೌಮ್ಯವಾಗಿ ಆಮ್ಲೀಯವೂ ಹೌದು, ಆದ್ದರಿಂದ ಹುರುಪೆಗಳು ಉಬ್ಬದೆ ಮಲಗಿರುತ್ತವೆ. ಸ್ನಾನದ ಸೋಪು ಕ್ಷಾರೀಯ, ತಲೆಗೆ ಅದು ಬೇಡ.

ಎಣ್ಣೆಯ ವಿಷಯದಲ್ಲಿ ಕೊಬ್ಬರಿ ಎಣ್ಣೆಗೆ ಪ್ರತ್ಯೇಕ ಸ್ಥಾನವಿದೆ. 2003ರಲ್ಲಿ ಪ್ರಕಟವಾದ, ಮುಂಬಯಿಯಲ್ಲಿ ನಡೆದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿದಾಗ, ತೊಳೆಯುವ ಮೊದಲು ಹಚ್ಚಿದರೂ ನಂತರ ಹಚ್ಚಿದರೂ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಸರಪಳಿ ಚಿಕ್ಕದು, ನೆಟ್ಟಗಿನದು. ಹಾಗಾಗಿ ಎಳೆಯೊಳಗೆ ಇಳಿಯಬಲ್ಲದು. ಒದ್ದೆಯಾದಾಗ ಕೂದಲಿನ ದಪ್ಪ ಸುಮಾರು 15 ಪ್ರತಿಶತ ಉಬ್ಬುತ್ತದೆ, ಉದ್ದ ಒಂದೆರಡು ಪ್ರತಿಶತವಷ್ಟೇ. ಪ್ರತಿ ಸ್ನಾನಕ್ಕೂ ಹೀಗೆ ಉಬ್ಬಿ ಕುಗ್ಗಿ ಹುರುಪೆಗಳು ಸವೆಯುತ್ತವೆ, ಎಣ್ಣೆ ಆ ಉಬ್ಬರವನ್ನು ತಡೆಯುತ್ತದೆ. ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಬೆಳೆಯುವ ಕೂದಲು ಸೊಂಟದವರೆಗೆ ಬಂದಿದ್ದರೆ ಅದರ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ. ತುದಿ ಸೀಳುವುದು ಅದಕ್ಕೇ, ಎಣ್ಣೆಯ ಅಗತ್ಯ ಹೆಚ್ಚಿರುವುದೂ ಅಲ್ಲಿಯೇ.

ತುಂಗಭದ್ರಾ ತೀರ:

ಬಿಳಿಯ ಗಡ್ಡೆಯ ಮಾತು ಓದಿದೊಡನೆ ನಮ್ಮ ಉಂಡೆಯಿಂದ ಕೆಲವು ಎಳೆಗಳನ್ನು ತೆಗೆದು ಕಿಟಕಿಯ ಬಳಿ ನೋಡಿದೆ. ಹೆಚ್ಚಿನವಕ್ಕೆ ಗಡ್ಡೆ ಇದೆ, ಬೆರಳಲ್ಲಿ ಉಜ್ಜಿದಾಗ ಗಡ್ಡೆಯ ಕಡೆಯೇ ಮುಂದಾಗಿ ತೆವಳಿತು. ಹಾಗಾದರೆ ಬಿಡಿಸುವಾಗಲೇ ಬುಡಗಳನ್ನೆಲ್ಲ ಒಂದು ಕಡೆಗೆ ಮಾಡಿದರೆ ಆಸಿಡ್ ಬೇಕಾಗುವುದಿಲ್ಲವೇ? ಗಿಡ್ಡ ತುಂಡುಗಳು ಬಹಳ ಉಳಿಯುತ್ತವೆ, ಅವುಗಳಿಗೆ ಏನಾದರೂ ಉಪಯೋಗವಿದೆಯೇ?

ನಿವೃತ್ತ ರಸಾಯನ ಮೇಷ್ಟ್ರು:

ತತ್ವದಲ್ಲಿ ನೀವು ಹೇಳುವುದು ಸರಿ. ದಿಕ್ಕು ಸರಿಹೋದರೆ ಹುರುಪೆಯನ್ನು ಕೊಲ್ಲಬೇಕಾಗಿಲ್ಲ. ಒಂದೊಂದೇ ಎಳೆ ತಿರುಗಿಸುವುದಕ್ಕೆ ಹಿಡಿಯುವ ಸಮಯದ ಕೂಲಿಯನ್ನು ಯಾರು ಕೊಡುತ್ತಾರೆ ಎಂಬುದಷ್ಟೇ ಪ್ರಶ್ನೆ, ಮತ್ತು ಆ ಕೂಲಿ ಬಿಡಿಸುವ ಹೆಂಗಸರಿಗೇ ಸೇರಬೇಕು ಎಂಬುದು ನನ್ನ ಅಭಿಪ್ರಾಯ.

ಗಿಡ್ಡ ತುಂಡುಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸಿದರೆ ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಎರಡು ಸಿಸ್ಟೀನ್‌ಗಳು ಗಂಧಕದ ಮೂಲಕ ಜೋಡಿಯಾಗಿ ಆಗುವ ಸಿಸ್ಟಿನ್ ನೀರಿನಲ್ಲಿ ಸುಲಭವಾಗಿ ಕರಗದಿರುವುದರಿಂದ, ಆಮ್ಲವನ್ನು ತಟಸ್ಥಗೊಳಿಸಿದಾಗ ಹರಳಾಗಿ ಕೆಳಗಿಳಿಯುತ್ತದೆ. ಅದರಿಂದ ತಯಾರಿಸುವ ಸಿಸ್ಟೀನ್ ಬ್ರೆಡ್ಡಿನ ಹಿಟ್ಟನ್ನು ಮೃದುಗೊಳಿಸಲು ಬಳಕೆಯಾಗುತ್ತದೆ. ಹಿಟ್ಟಿನ ಗ್ಲುಟೆನ್‌ನಲ್ಲಿಯೂ ಡೈಸಲ್ಫೈಡ್ ಬಂಧಗಳೇ ಇವೆ, ಅವುಗಳನ್ನು ಅದು ಸಡಿಲಿಸುತ್ತದೆ. ಆದರೆ ಯುರೋಪಿನ ಒಕ್ಕೂಟ ಆಹಾರಕ್ಕೆ ಸೇರಿಸುವ ಸಿಸ್ಟೀನ್‌ಗೆ ಮನುಷ್ಯರ ಕೂದಲನ್ನು ಮೂಲವಾಗಿ ಬಳಸುವುದನ್ನು ನಿಷೇಧಿಸಿದೆ, ಆದ್ದರಿಂದ ಇದು ಎಲ್ಲ ಮಾರುಕಟ್ಟೆಗೂ ಸಲ್ಲುವ ಸರಕಲ್ಲ.

ಜವಳಿ ತಂತ್ರಜ್ಞೆ, ದಾವಣಗೆರೆ:

ತುಂಗಭದ್ರಾ ತೀರ ಅವರಿಗೆ ಒಂದು ಕಳಕಳಿಯ ಮಾತು. ನಿಮ್ಮ ಪರಿಚಯದವರಲ್ಲಿ ಯಾರಾದರೂ ಕೂದಲಿನ ಸಂಸ್ಕರಣೆಯನ್ನು ಮನೆಯಲ್ಲಿಯೇ ಮಾಡುತ್ತಿದ್ದರೆ ದಯವಿಟ್ಟು ತಿಳಿಸಿ. ಬ್ಲೀಚಿಂಗ್ ದ್ರಾವಣಕ್ಕೆ ಆಮ್ಲ ಬೆರೆತಾಗ ಕ್ಲೋರಿನ್ ಅನಿಲ ಹೊರಬರುತ್ತದೆ. ಗಾಳಿಗಿಂತ ಭಾರವಾದ ಅದು ನೆಲಮಟ್ಟದಲ್ಲಿ ನಿಲ್ಲುತ್ತದೆ. ಕೂದಲು ಬಿಡಿಸುವವರು ಕೂರುವುದು ನೆಲದ ಮೇಲೆ, ಪಕ್ಕದಲ್ಲಿ ಮಕ್ಕಳೂ ಇರುತ್ತಾರೆ. ಆ ಕೆಲಸವನ್ನು ಗಾಳಿಯಾಡುವ ಪ್ರತ್ಯೇಕ ಜಾಗದಲ್ಲಿ, ಕೈಗವಸು, ಕನ್ನಡಕ ಮತ್ತು ಕ್ಲೋರಿನ್ ಅನಿಲ ತಡೆಯುವ ಫಿಲ್ಟರ್ ಇರುವ ಮುಖಕವಚ ಹಾಕಿಕೊಂಡು ಮಾಡಬೇಕು. ಬಟ್ಟೆಯ ಮಾಸ್ಕಿನಿಂದ ಪ್ರಯೋಜನವಿಲ್ಲ. ಬಿಡಿಸುವವರಿಗೆ ಕೂದಲಿನ ಧೂಳೂ ತೊಂದರೆಯೇ, ಅವರಿಗೆ ಮಾಸ್ಕ್ ಕೊಡಿಸಿ.

ತುಂಗಭದ್ರಾ ತೀರ:

ಖಂಡಿತ ತಿಳಿಸುತ್ತೇನೆ ಮೇಡಂ. ನಮ್ಮ ಓಣಿಯಲ್ಲಿಯೇ ಒಬ್ಬರು ಹಿತ್ತಲಿನ ಶೆಡ್ಡಿನಲ್ಲಿ ಈ ಕೆಲಸ ಮಾಡುತ್ತಾರೆ, ಶೆಡ್ಡಿಗೆ ಒಂದೇ ಬಾಗಿಲು, ಕಿಟಕಿ ಇಲ್ಲ. ಇವತ್ತು ಸಂಜೆಯೇ ಹೋಗಿ ಮಾತಾಡುತ್ತೇನೆ. ಬುಡ ಒಂದು ಕಡೆ ಮಾಡಿ ಕಟ್ಟಿದ ಒಂದು ಚಿಕ್ಕ ಹಿಡಿಯನ್ನೂ, ಕಲಸಿ ಕಟ್ಟಿದ ಇನ್ನೊಂದನ್ನೂ ಒಂದೇ ರೀತಿ ತೊಳೆದು ನೋಡಿ ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.